ಆರು ಮಕ್ಕಳ ಲ್ಯಾಟಿನ್

ಜನವರಿ 8, ಸೋಮವಾರ

ಮತ್ತೆ ಅದೇ ಕೋಷ್ಟಕ. ಹಲಗೆ ತುಂಬ ವಿಭಕ್ತಿಗಳು. ಒಂಬತ್ತನೇ ತರಗತಿಯ ಆರು ಮಕ್ಕಳು, ಆರು ಆಕಳಿಕೆ. ಇಪ್ಪತ್ತಾರು ವರ್ಷದಿಂದ ಲ್ಯಾಟಿನ್ ಕಲಿಸುತ್ತಿದ್ದೇನೆ. ಬರೀ ಗಿಳಿಪಾಠ ಒಪ್ಪಿಸಿಕೊಂಡೆನೇನೋ.

ಬಿಡುವಿನಲ್ಲಿ ಹೆಡ್‌ಮಾಸ್ಟರ್ ಕರೆದರು. "ಮೇಡಂ, ಮುಂದಿನ ವರ್ಷಕ್ಕೆ ಹತ್ತು ಮಕ್ಕಳಾದ್ರೂ ಹೆಸರು ಕೊಡ್ಬೇಕು. ಇಲ್ಲಾಂದ್ರೆ ಲ್ಯಾಟಿನ್ ನಿಲ್ಲಿಸ್ತೀವಿ. ನಿಮಗೆ ಲೈಬ್ರರಿ ಕೊಡೋಣ, ಚಿಂತೆ ಬೇಡ."

ಚಿಂತೆ ಬೇಡವಂತೆ.

ಮನೆಗೆ ಬಂದು ಬಾಗಿಲು ಹಾಕಿದರೆ ಮುಗಿಯಿತು. ಆಮೇಲೆ ದನಿ ಎತ್ತುವುದು ಕುಕ್ಕರ್ ಒಂದೇ.

ಜನವರಿ 14, ಭಾನುವಾರ

ತಮ್ಮನ ಫೋನ್. ಎಂದಿನಂತೆ ಹನ್ನೊಂದಕ್ಕೆ, ಎಂದಿನಂತೆ ಏಳು ನಿಮಿಷ.

"ಅಕ್ಕಾ, ಸತ್ತ ಭಾಷೆ ಅದು. ಯಾಕೆ ತಲೆ ಚಚ್ಕೋತೀಯ?"

ಸತ್ತವರ ಜೊತೆ ಇರೋದು ನಂಗೆ ಅಭ್ಯಾಸ ಆಗಿದೆ ಕಣೋ... ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅಮ್ಮ ಹೋಗಿ ಎರಡು ವರ್ಷ. ಅವನೂ ಅವಳ ಮಗನೇ ಅಲ್ಲವೇ.

ಜನವರಿ 17

ಕೋಷ್ಟಕ ಒರೆಸಿ ಹಾಕಿದೆ. ರಟ್ಟಿನ ಮೇಲೆ ಒಂದೊಂದು ಪದ ಬರೆದು ಮೂವರ ಕೊರಳಿಗೆ ಕಟ್ಟಿದೆ. ಪುಎಲ್ಲಾ, ಲುಪುಮ್, ವಿದೆತ್. ಹುಡುಗಿ ತೋಳವನ್ನು ನೋಡುತ್ತಾಳೆ. ಜಾಗ ಬದಲಿಸಿ ಅಂದೆ. ಬದಲಿಸಿದರು — ಅರ್ಥ ಅಲ್ಲಾಡಲಿಲ್ಲ. ಆಮೇಲೆ ಪದಗಳ ಬಾಲವನ್ನಷ್ಟೇ ತಿದ್ದಿದೆ. ಪುಎಲ್ಲಾಮ್, ಲುಪುಸ್. ಈಗ ತೋಳವೇ ಹುಡುಗಿಯನ್ನು ನೋಡುತ್ತಿದೆ!

ತೋಳವಾಗಿದ್ದವನು, ಹಿರಿಯರಂತೆ ಮಾತಾಡುತ್ತಾನೆಂದು ಎಲ್ಲರೂ 'ದೊಡ್ಡಪ್ಪ' ಅನ್ನುವ ಹುಡುಗ. "ಅಲ್ಲ ಮಿಸ್, ನಾನು ನಿಂತಲ್ಲೇ ಇದ್ದೀನಿ. ಬರೀ ಬಾಲ ಬದ್ಲಾಗಿದ್ದಕ್ಕೆ ಇವಳನ್ನ ನೋಡಿ ಬಾಯಿ ಚಪ್ಪರಿಸ್ಬೇಕಾ?"

"ಕನ್ನಡದಲ್ಲಿ 'ಹುಡುಗಿಯನ್ನು' ಅಂತೀವಲ್ಲ, ಆ 'ಅನ್ನು' ಮಾಡೋ ಕೆಲ್ಸಾನೇ ಇದು" ಅಂದೆ. ತಟ್ಟನೆ ಹೊಳೆಯಿತು ಆರು ಜನಕ್ಕೂ. ನನಗೆ ಹೊಳೆಯಲು ಇಪ್ಪತ್ತಾರು ವರ್ಷ.

ಜನವರಿ 30

ಈಗ ಅಪ್ಪಣೆಯ ಆಟ. ಸುರ್ಗೆ — ಏಳು. ಸೆದೆ — ಕೂತುಕೋ. ಮನೇ — ಇಲ್ಲೇ ಇರು. ಕೊನೆಯದಕ್ಕೆ ದೊಡ್ಡಪ್ಪ ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟ. "ನೀವೇ ಮನೆ ಅಂದ್ರಲ್ಲ ಮಿಸ್!"

ಕಿಟಕಿ ಪಕ್ಕದ ಹುಡುಗಿಗೆ ತೊದಲು. ವರ್ಷವಿಡೀ ತುಟಿ ಬಿಚ್ಚಿದವಳಲ್ಲ. ಇವತ್ತು ಎದ್ದು ನಿಂತು ನನಗೇ ಅಪ್ಪಣೆ ಕೊಟ್ಟಳು — "ಸೆದೆ." ಒಂದು ಚೂರೂ ತಡವರಿಸಲಿಲ್ಲ.

ಕುಳಿತೆ. ಹಾಜರಿ ಪುಸ್ತಕದಲ್ಲಿ ಮುಖ ಹುದುಗಿಸಿಕೊಂಡು ಕುಳಿತೆ.

ಮಾರ್ಚ್ 11, ಸೋಮವಾರ

ಮುಂದಿನ ವರ್ಷಕ್ಕೆ ಲ್ಯಾಟಿನ್ ಕೇಳಿದವರ ಪಟ್ಟಿ ಬಂತು. ಎಂಟು ಹೆಸರು.

"ಏನ್ ಮಾಡೋದು ಮೇಡಂ, ರೂಲ್ಸು" ಎಂದರು ಹೆಡ್‌ಮಾಸ್ಟರ್. ಪಾಪ, ಅವರ ಮುಖವೂ ಸಪ್ಪಗಿತ್ತು.

ಯಾರಿಗೆ ಹೇಳಲಿ? ತಮ್ಮನ ಫೋನ್ ಬರುವ ಭಾನುವಾರಕ್ಕೆ ಇನ್ನೂ ಆರು ದಿನ.

ಮಾರ್ಚ್ 28

ಕೊನೆಯ ತರಗತಿ. ಎಲ್ಲರೂ ಹೋದ ಮೇಲೂ ಕಿಟಕಿ ಹುಡುಗಿ ನಿಂತೇ ಇದ್ದಳು.

"ಮಿ... ಮಿಸ್, ಶನಿವಾರ ನಿಮ್ಮನೆಗೆ ಬ... ಬರ್ಬಹುದಾ? ಲ್ಯಾಟಿನ್ ಓದೋಕೆ. ಎಲ್ರೂ."

ನಮ್ಮನೇಲಿ ಜಾಗ ಇಲ್ವಲ್ಲಮ್ಮ — ಬಾಯಿಗೆ ಬಂತು. ಶುದ್ಧ ಸುಳ್ಳು. ಇರುವುದೇ ಜಾಗ.

"ನಾಲ್ಕು ಗಂಟೆಗೆ ಬನ್ನಿ" ಅಂದೆ.

ಮಾರ್ಚ್ 30, ಶನಿವಾರ

ಬೆಳಿಗ್ಗೆ. ಮನೆಯಲ್ಲಿ ಕುರ್ಚಿ ಎರಡೇ. ಎದುರು ಮನೆಯ ಟೈಲರಮ್ಮನ ಬಾಗಿಲು ತಟ್ಟಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. "ಐದು ಕುರ್ಚಿನಾ? ನೆಂಟರು ಬರ್ತಾ ಇದಾರಾ?"

ಹೂಂ ಅಂದುಬಿಟ್ಟೆ.

4.10. ಯಾರೂ ಇಲ್ಲ.

4.25. ಕುರ್ಚಿಗಳನ್ನು ಗೋಡೆಗೆ ಸರಿಸಿದೆ. ಮತ್ತೆ ನಡುವೆ ಎಳೆದೆ. ಮಕ್ಕಳು, ಮರೆತಿರುತ್ತವೆ. ಟೈಲರಮ್ಮನಿಗೆ ಏನು ಹೇಳುವುದು...

4.40. ಕೆಳಗೆ ಜಗಳ. ಎರಡನೇ ಮಹಡಿಯೋ ಮೂರನೆಯದೋ ಅಂತ. ದೊಡ್ಡಪ್ಪನ ಗಂಟಲು! ಹೆಜ್ಜೆಗಳು — ಇಬ್ಬರು, ಅಲ್ಲ, ನಾಲ್ವರು... ಯಾರೋ ಎದುರು ಮನೆಯ ಬಾಗಿಲು ಬಡಿಯುತ್ತಿದ್ದಾರೆ. ಅಯ್ಯೋ, ಅದಲ್ಲ ಕಣ್ರೋ, ಈ ಕಡೆ, ಬಂದೆ, ಬಂ