ಟಿನ್ ಫ್ಯಾಕ್ಟರಿ ಬರೋದ್ರೊಳಗೆ ಒಂದು ನುಡಿಗಟ್ಟು

ಹಲಸೂರು,
೧೪ ಜೂನ್ ೧೯೯೮, ಭಾನುವಾರ

ಪ್ರೀತಿಯ ಸುಬ್ಬೂ,

ಹೇಗಿದ್ದೀಯ? ಆಪರೇಷನ್ ಆದ ಅತ್ತೆಯವರ ಕಣ್ಣಿನ ಕಟ್ಟು ಬಿಚ್ಚಿದ್ರಾ? ಇನ್ನೊಂದು ವಾರ ಒಲೆ ಹತ್ರ ಬಿಡ್ಬೇಡ ಅವರನ್ನ. ಕಾಗದ ಬರೆಯೋಕೆ ಕೂತ್ರೆ ನಾಲ್ಕು ಸಾಲಿಗೇ ನನ್ನ ಕೈ ಸುಸ್ತಾಗುತ್ತೆ, ಬಾಯಿ ಆಗಲ್ಲ ಅಂತ ನಿಂಗೊತ್ತು. ಅದಕ್ಕೇ ಈ ಕ್ಯಾಸೆಟ್ಟು. ಬಂಗಾರಪೇಟೇಲಿ ನಿನ್ನ ತವರು ಮನೇಲಿ ಟೇಪ್ ರೆಕಾರ್ಡರ್ ಇದೆಯಲ್ಲ, ಹಾಕಿ ಕೇಳು. ನಾನಿಲ್ಲಿ ಚೆನ್ನಾಗಿದ್ದೀನಿ. ಎರಡು ಹೊತ್ತೂ ಅನ್ನ ಸಾರು, ಉಪ್ಪು ಮಾತ್ರ ದಿನಕ್ಕೊಂದು ಥರ.

ಈಗ ಒಂದು ವಿಷಯ ಒಪ್ಕೋಬೇಕು. ಸೂಪರ್‌ವೈಸರ್ ಇಂಟರ್‌ವ್ಯೂಗೆ ಇನ್ನು ಹೋಗಲ್ಲ ಅಂತ ನಿಂಗೆ ಮಾತು ಕೊಟ್ಟಿದ್ದೆ. ಎರಡು ಸಲ ನಾನು ಇಂಗ್ಲಿಷಲ್ಲಿ ತಡವರಿಸಿ ಬಂದು ಊಟ ಬಿಟ್ಟು ಮಲಗಿದ್ದು ನೋಡಿ, ನೀನೇ 'ರೀ, ಐವತ್ತಾಯ್ತು, ಇನ್ಯಾಕೆ ಅವರ ಮುಂದೆ ತಲೆ ತಗ್ಗಿಸ್ತೀರಿ' ಅಂದಿದ್ದೆ. ಆದ್ರೂ ಮೂರನೇ ಸಲ ಹೋಗ್ಬಂದೆ ಕಣೇ.

ಇದಕ್ಕೆಲ್ಲ ಕಾರಣ ನಮ್ಮ ಫ್ಯಾಕ್ಟರಿ ಬಸ್ಸು. ನನ್ನ ಪಕ್ಕದ ಲೇತ್‌ನಲ್ಲಿ ಕೆಲಸ ಮಾಡೋ ಶಿವಾಜಿನಗರದ ನಜೀರ್ ಗೊತ್ತಲ್ಲ, ಅವನು ಒಂದು ರೂಲು ಮಾಡಿದ. ದಿನಾ ಒಂದು ಇಂಗ್ಲಿಷ್ ನುಡಿಗಟ್ಟು ಚೀಟೀಲಿ ಬರೆದು ಕಿಟಕಿಗೆ ಅಂಟಿಸ್ತಾನೆ. ಹಲಸೂರಲ್ಲಿ ಹತ್ತಿದವರು ಟಿನ್ ಫ್ಯಾಕ್ಟರಿ ಸ್ಟಾಪು ಬರೋದ್ರೊಳಗೆ ಅರ್ಥ ಹೇಳಿ, ಮಾತಲ್ಲಿ ಒಂದ್ಸಲ ಬಳಸ್ಬೇಕು. ತಪ್ಪಿದವನು ಬಸ್ಸಿಗೆಲ್ಲ ವಡೆ ತರ್ಬೇಕು. 'ಬ್ರೇಕ್ ದಿ ಐಸ್' ಅಂದ್ರೆ ಹೊಸಬರ ಹತ್ರ ಮೊದಲ ಮಾತು ತೆಗೆದು ಬಿಗಿ ಸಡಿಲ ಮಾಡೋದು. ನಾವು 'ಕಾಫಿ ಆಯ್ತಾ' ಅಂತೀವಲ್ಲ, ಅದೇ ಕೆಲಸ. 'ಅಂಡರ್ ದಿ ವೆದರ್' ಅಂದ್ರೆ ಮೈ ಹುಷಾರಿಲ್ಲ. 'ಒನ್ಸ್ ಇನ್ ಎ ಬ್ಲೂ ಮೂನ್' ಅಂದ್ರೆ ಅಪರೂಪಕ್ಕೊಂದ್ಸಲ, ನಿಮ್ಮಣ್ಣ ನಮ್ಮನೆಗೆ ಬರೋ ಹಾಗೆ. ನಮ್ಮ ಬಸ್ಸಲ್ಲೇ ಬರೋ ಪಿಳ್ಳಪ್ಪ ಪಾಪ ಮೂರು ದಿನ ವಡೆ ತಂದ. 'ನಂಗೆ ಕನ್ನಡ ಗಾದೆಗೇ ಅರ್ಥ ಗೊತ್ತಿಲ್ಲ ಗುರು' ಅಂದ. 'ಅರ್ಥ ಬಿಡು, ಚಟ್ನಿ ಜಾಸ್ತಿ ತಾ' ಅಂದ ನಜೀರ್.

ಇಂಟರ್‌ವ್ಯೂನಲ್ಲೂ ಬಸ್ಸಿನ ಅಭ್ಯಾಸ ಬಿಡ್ಲಿಲ್ಲ. ಈ ಕೆಲಸ ಯಾಕೆ ಬೇಕು ಅಂತ ಕೇಳಿದ್ದೇ ತಡ, ಒಂದೇ ಉಸಿರಲ್ಲಿ ಒಂಬತ್ತು ನುಡಿಗಟ್ಟು ಬಿಟ್ಟೆ. ಮೂವರು ಆಫೀಸರೂ ಪೆನ್ನು ಕೆಳಗಿಟ್ಟರು. ಮಧ್ಯ ಕೂತಿದ್ದ ಮೇಡಮ್ಮು ನಗು ತಡೀಲಾರದೆ, ಈಗ ಅದ್ಯಾವುದೂ ಇಲ್ಲದೆ ಹೇಳಿ ಅಂದ್ರು. ನಂಗೂ ನಗು ಬಂತು. ನಕ್ಕ ಮೇಲೆ ಅದೆಲ್ಲಿ ಹೋಯ್ತೋ ಭಯ. ಕೆಲಸ ಕೆಟ್ಟಾಗ ಜನ ಬಚ್ಚಿಡ್ತಾರೆ, ನನ್ನ ಹತ್ರ ಮಾತ್ರ ಬಂದು ಹೇಳ್ತಾರೆ, ಯಾಕಂದ್ರೆ ನಾನು ಮೊದಲು ಅದನ್ನ ಸರಿಮಾಡೋಕೆ ನೋಡ್ತೀನಿ ಅಂತ ಚಿಕ್ಕ ಚಿಕ್ಕ ಇಂಗ್ಲಿಷಲ್ಲಿ ಹೇಳ್ದೆ. ಒಂದ್ಸಲವೂ ತಡವರಿಸಲಿಲ್ಲ ಸುಬ್ಬೂ.

ಅತ್ತೆಗೆ ನಮಸ್ಕಾರ ಹೇಳು. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ಲಕ್ಷ್ಮಿಕಾಂತ

ತಾಳು, ಇನ್ನೊಂದು ಮಾತು, ಟೇಪು ಮುಗೀತಾ ಬಂತು. ನಿನ್ನೆ ನೋಟಿಸ್ ಬೋರ್ಡಲ್ಲಿ ಸೂಪರ್‌ವೈಸರ್ ಆದವರ ಪಟ್ಟಿ ಹಾಕಿದ್ರು. ಮೂರನೇ ಹೆಸರು ನಂದು. ಬಸ್ಸಿನವರು ಸ್ವೀಟು ಕೇಳ್ತಿದ್ದಾರೆ, ಕೊಟ್ಟಿಲ್ಲ. ಮಾತು ತಪ್ಪಿದ್ದು ನಿನ್ನ ಹತ್ರ, ಮೊದಲು ನೀನು ಬಂದು ಬೈದು ಮುಗಿಸು. ಬರೋ ಭಾನುವಾರ ಕೆ.ಆರ್. ಪುರಂ ಸ್ಟೇಷನ್ನಲ್ಲಿ ನಿಂತಿರ್ತೀನಿ, ಅತ್ತೆಯವರನ್ನೂ ಕರ್ಕೊಂಡ್ ಬಾ.