ಟ್ರೆಸ್ಸಾಳ ಹಣೆಯ ಬೂದಿ

ಮಾರ್ಚ್ ೫, ಬೂದಿ ಬುಧವಾರ. ಅಯೋವಾ.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು ಇವತ್ತು ಶುರು; ನಮ್ಮ ಕ್ಯಾಂಪಸ್ಸಿನ ಪುಟ್ಟ ಚರ್ಚಿನಲ್ಲಿ ಮೊದಲು ನನ್ನ ಹಣೆಗೆ, ಆಮೇಲೆ ನಾನೂರು ವಿದ್ಯಾರ್ಥಿಗಳ ಹಣೆಗೆ ಶಿಲುಬೆಯಾಕಾರದಲ್ಲಿ ಬೂದಿ ಹಚ್ಚಿದೆ. ಮನಸ್ಸಿನಲ್ಲಿ ಉಳಿದದ್ದು ಒಂದೇ ಹಣೆ. ಮೊದಲ ವರ್ಷದ ಟ್ರೆಸ್ಸಾ ಸಂಜೆ ಮತ್ತೆ ಬಂದಳು. ಬೆಳಿಗ್ಗೆ ಹಚ್ಚಿದ ಬೂದಿ ಇರಲಿಲ್ಲ.

“ಲ್ಯಾಬಲ್ಲಿ ಎಲ್ರೂ ನಕ್ರು ಫಾದರ್, ಒರೆಸಿಬಿಟ್ಟೆ. ಇನ್ನೊಂದ್ಸಲ ಹಚ್ತೀರಾ?”

“ಕತ್ತಲಾಯ್ತಲ್ಲಮ್ಮ, ಇನ್ಯಾರು ನೋಡ್ತಾರೆ?”

“ಮೆಸ್ಸಲ್ಲಿ ಅವ್ರೇ ಇರ್ತಾರೆ. ಅವ್ರ ಎದುರಿಗೇ ಕೂತು ಸೂಪ್ ಕುಡೀತೀನಿ. ಸ್ವಲ್ಪ ದಪ್ಪಗೇ ಹಚ್ಚಿ.”

ಹಚ್ಚಿದೆ. ಅವಳು ಹಿಮದಲ್ಲಿ ತಲೆಯೆತ್ತಿ ನಡೆದು ಹೋಗುವುದನ್ನು ಕಿಟಕಿಯಲ್ಲಿ ನೋಡುತ್ತ ನಿಂತೆ. ಎಂಥ ಹುಡುಗಿ. ಹತ್ತೊಂಬತ್ತೂ ತುಂಬಿಲ್ಲ.

ನಾನು ಪಾದ್ರಿಯಾಗಿ ಇಪ್ಪತ್ತಾರು ವರ್ಷ. ಮಧ್ಯಾಹ್ನ ಪ್ರೊಫೆಸರುಗಳ ಸಭೆಯಲ್ಲಿ ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೇ ಕೂತಿದ್ದೆ. ಕೇಳಿದವರಿಗೆ ಚಳಿ ಎಂದೆ.

ಕೋಣೆ ಬೆಚ್ಚಗಿತ್ತು.