ಊರಿಗೆ ಬಂದ ಜೀನು

ಸೇಜ್ ಫೋರ್ಕ್, ವಯೋಮಿಂಗ್
ಭಾನುವಾರ, 6 ಜುಲೈ 1986

ಪ್ರೀತಿಯ ಓರ್ವಲಣ್ಣಾ,

ಸೊಂಟ ಹೇಗಿದೆ? ಜಾಯ್ಸ್ ಮಾಡಿಕೊಡುವ ಓಟ್ಸ್ ಗಂಜಿಯನ್ನು ಕುಡಿಯುತ್ತಿದ್ದೀಯಾ, ಇಲ್ಲ ಇನ್ನೂ ಬೆಕ್ಕಿನ ಬಟ್ಟಲಿಗೆ ಸುರಿಯುತ್ತಿದ್ದೀಯಾ? ಟಕೋಮಾದ ಮಳೆ ನಿನ್ನ ಮೂಳೆಗೆ ಒಗ್ಗುವುದಿಲ್ಲವೆಂದು ಎಲ್ಲರಿಗೂ ಗೊತ್ತು, ನಿನಗೊಬ್ಬನಿಗೆ ಬಿಟ್ಟು. ಮಗಳ ಮಾತು ಕೇಳು. ಈ ವಯಸ್ಸಿನಲ್ಲಿ ಮಕ್ಕಳ ಮಾತು ಕೇಳುವುದರಲ್ಲಿ ಅವಮಾನವೇನಿಲ್ಲ, ನಾನು ನನ್ನ ಮಗನ ಮಾತು ಕೇಳುವಂತೆ ನಟಿಸುವುದನ್ನು ಕಲಿತಿದ್ದೇನೆ.

ನಾನು ಗುರುವಾರದಿಂದ ಮೇಬೆಲ್ ಮನೆಯಲ್ಲಿದ್ದೇನೆ. ರೋಡಿಯೊ ಕುದುರೆಯಾಟದ ಹೊತ್ತಿಗೆ ವರ್ಷಕ್ಕೊಮ್ಮೆಯಾದರೂ ಊರಿನ ಧೂಳು ಕುಡಿಯದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಚಿಕ್ಕಮ್ಮನ ಮಗಳು ಹೇಗಿದ್ದಳೋ ಹಾಗೇ ಇದ್ದಾಳೆ, ಮಂಡಿ ಮಾತ್ರ ಸೋತಿದೆ, ನಾಲಿಗೆ ಗಟ್ಟಿಯಾಗಿದೆ. ಊರು ಹೇಗಿದೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಈ ಸಲ ಹೊಳೆದಂಡೆಯ ಹುಲ್ಲು ಎದೆಯೆತ್ತರ ಬಂದಿದೆ. ಕೊಯ್ಲನ್ನು ಅರ್ಧಕ್ಕೇ ಬಿಟ್ಟು ಎಲ್ಲರೂ ಮೈದಾನಕ್ಕೆ ಬಂದಿದ್ದರು. ಮೈದಾನದ ಬೇಲಿಗೆ ಬಿಳಿ ಬಣ್ಣ ಬಳಿದಿದ್ದಾರೆ, ಅದು ಒಣಗುವ ಮೊದಲೇ ಒರಗಿಕೊಂಡು ಅರ್ಧ ಊರಿನ ಬೆನ್ನು ಬೆಳ್ಳಗಾಗಿದೆ.

ಈಗ ಗಂಜಿಯ ಬಟ್ಟಲು ಕೆಳಗಿಟ್ಟು ಓದು. ನಿನ್ನೆ ಮಧ್ಯಾಹ್ನ ಈ ಊರು ನಿನ್ನನ್ನು ಸಕಲ ಮರ್ಯಾದೆಯೊಂದಿಗೆ ಸ್ವರ್ಗಕ್ಕೆ ಕಳಿಸಿಕೊಟ್ಟಿತು.

ಬಾವುಟ ಹಿಡಿದ ಸವಾರರೆಲ್ಲ ಒಂದು ಸುತ್ತು ಬಂದಮೇಲೆ ಬ್ಯಾಂಡು ನಿಂತಿತು. ಧ್ವನಿವರ್ಧಕದವನು ಟೋಪಿ ತೆಗೆಯಿರಿ ಎಂದ. ಬಾಗಿಲಿನಿಂದ ಸವಾರನಿಲ್ಲದ ಒಂದು ಬೂದು ಕುದುರೆ ಬಂತು, ಕಾಲಿಡುವ ರಿಕಾಪುಗಳಲ್ಲಿ ಹಿಂದುಮುಂದಾಗಿ ಸಿಕ್ಕಿಸಿದ ಬೂಟುಗಳು. ಯಾರು ಹೋದರಪ್ಪ ಎಂದುಕೊಂಡು ನಾನೂ ಎದ್ದು ನಿಂತೆ. ಕುದುರೆ ಹತ್ತಿರ ಬಂದಾಗ ಬೆನ್ನ ಮೇಲಿನ ಜೀನು ಕಾಣಿಸಿತು. ಜೀನಿನ ಮುಂದಿನ ಕೊಂಬಿನ ಚರ್ಮ ಹರಿದಾಗ ಅಪ್ಪ ಉಣ್ಣೆಮೂಟೆ ಹೊಲಿಯುವ ದಾರದಲ್ಲಿ ಅಡ್ಡಾದಿಡ್ಡಿ ಹೊಲಿದಿದ್ದನಲ್ಲ, ಆ ಹೊಲಿಗೆ. ನಿನ್ನ ಜೀನು, ಅಣ್ಣಾ. ಶುಕ್ರವಾರ ರಾತ್ರಿ ನಿನ್ನೊಡನೆ ಫೋನಿನಲ್ಲಿ ಜಗಳವಾಡಿದ್ದೆ. ಆದರೆ ಒಂದು ರಾತ್ರಿಯಲ್ಲಿ ಏನು ಬೇಕಾದರೂ ಆಗಬಹುದಲ್ಲ? ನನಗಿಂತ ಮೊದಲು ಊರಿಗೆಲ್ಲ ಗೊತ್ತಾಗಿದೆ, ಜಾಯ್ಸ್ ನನಗೇ ಹೇಳಲಿಲ್ಲ ಎಂದುಕೊಂಡು, ಜನರ ಕಾಲು ತುಳಿಯುತ್ತ ಇಳಿದು ಕಚೇರಿಯ ಫೋನು ಹಿಡಿದೆ. ನೀನು ಹಿತ್ತಲಲ್ಲಿ ಪಕ್ಕದ ಮನೆಯ ನಾಯಿಗೆ ಬೈಯುತ್ತಿದ್ದೀಯೆಂದು ಜಾಯ್ಸ್ ಹೇಳಿದಳು. ನಾನು ಅತ್ತೆ, ಆಮೇಲೆ ನಕ್ಕೆ. ನಿನ್ನನ್ನು ಕರೆಯಬೇಡ ಎಂದೆ. ಇದನ್ನು ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ, ಪತ್ರಕ್ಕಾದರೆ ಆ ಸೌಕರ್ಯವಿಲ್ಲ.

ಇವರು ಯಾಕೆ ಹೀಗೆ ಮಾಡಿದರೆಂದು ಬೈಯಬೇಡ, ತಪ್ಪು ನಿನ್ನದೇ. ಒಂದು ಮಾತೂ ಬರೆಯದೆ, ಯಾವುದೋ ಲಾರಿಯವನ ಕೈಯಲ್ಲಿ ರೋಡಿಯೊ ಸಂಘಕ್ಕೆ ಜೀನು ಕಳಿಸಿದರೆ ಅವರೇನು ತಿಳಿಯಬೇಕು? ಹೆಂಡತಿಯನ್ನು ಬಿಟ್ಟವನುಂಟು, ಹೊಲ ಮಾರಿದವನುಂಟು, ಬದುಕಿದ್ದು ಜೀನು ಕೊಟ್ಟವನನ್ನು ಈ ಸೀಮೆಯಲ್ಲಿ ಯಾರು ಕಂಡಿದ್ದಾರೆ? ಓರ್ವಲ್ ಬರದೆ ಜೀನೊಂದೇ ಬಂದಿದೆಯೆಂದರೆ ಓರ್ವಲ್ ಇಲ್ಲ ಎಂದು ಅವರು ತೀರ್ಮಾನಿಸಿದರು. ಮೇಬೆಲ್‌ಳನ್ನು ಕೇಳಬಹುದಿತ್ತು. ದುಃಖದ ಮನೆಯನ್ನು ಕೆದಕಬಾರದೆಂದು ಯಾರೂ ಕೇಳಲಿಲ್ಲ, ಬದಲಿಗೆ ಮಾಂಸದ ಸಾರು, ಬೀನ್ಸು, ರೂಬಾರ್ಬ್ ಪೈ ಕಳಿಸಿದರು. ಇವಳು ಅದೆಲ್ಲ ತನ್ನ ಮಂಡಿನೋವಿಗೆ ಬಂದದ್ದೆಂದು ವಾರವಿಡೀ ತಿಂದಳು. ನಿನ್ನೆ ಸತ್ಯ ಗೊತ್ತಾದಾಗ, "ಅಯ್ಯೋ, ಪಾತ್ರೆ ತೊಳೆದು ಕೊಟ್ಟಾಗಿದೆ, ಇನ್ನು ವಾಪಸ್ ಮಾಡೋಕೆ ಏನೂ ಉಳಿದಿಲ್ಲ. ಅವನು ಸತ್ತಾಗ ಮತ್ತೆ ಕೊಡ್ತಾರಾ ಕೇಳು" ಅಂದಳು.

ಆದರೆ ನಾನು ಹೇಳಬೇಕಾದದ್ದು ಇದಲ್ಲ. ಆ ಬೂದು ಕುದುರೆಯ ಲಗಾಮು ಹಿಡಿದು, ಬಿಸಿಲಲ್ಲಿ ಬರಿತಲೆಯಲ್ಲಿ ನಡೆಯುತ್ತಿದ್ದವನು ಕ್ಲೀಟಸ್.

ಹೌದು, ಅವನೇ, ಒಂದು ಕಾಲದ ನಿನ್ನ ಜೀವದ ಗೆಳೆಯ. ಅವನ ಮಗ ಡೆಲ್ಬರ್ಟ್ ರೋಡಿಯೊದಲ್ಲಿ ಹುಚ್ಚು ಕುದುರೆಯ ರಿಕಾಪಿನಲ್ಲಿ ಕಾಲು ಸಿಕ್ಕಿ ನೇತಾಡಿದ ದಿನ ಬಿಡಿಸಿ ಎತ್ತಿಕೊಳ್ಳುವ ಕೆಲಸ ನಿನ್ನದಾಗಿತ್ತು, ಕೆಸರಿನಲ್ಲಿ ನಿನ್ನ ಕುದುರೆ ಜಾರಿತು, ನೀನು ಒಂದು ಉಸಿರು ತಡವಾಗಿ ತಲುಪಿದೆ. "ನಿನ್ನ ಕೈಗೆ ನನ್ನ ಮಗನನ್ನ ಕೊಟ್ಟಿದ್ದೆನಲ್ಲೋ" ಎಂದು ಇಡೀ ಊರಿನ ಮುಂದೆ ಅವನು ಕೂಗಿದ್ದನ್ನು ನೀನೂ ಮರೆತಿಲ್ಲ, ನಾನೂ ಮರೆತಿಲ್ಲ. ಆಮೇಲೆ ನೀವಿಬ್ಬರೂ ಮಾತಾಡಲಿಲ್ಲ. ನೀನು ಊರನ್ನೇ ಬಿಟ್ಟೆ. ಡೆಲ್ಬರ್ಟ್ ಈಗ ಕುಂಟುತ್ತಲೇ ಕುದುರೆಗಳಿಗೆ ಲಾಳ ಹೊಡೆಯುತ್ತಾನೆ, ಹೊಟ್ಟೆ ಬಂದಿದೆ. ನಿನ್ನೆ ನನ್ನನ್ನು ತಬ್ಬಿಕೊಂಡು, "ಓರ್ವಲ್ ಮಾವ ಬರದೇ ಇದ್ದಿದ್ರೆ ಕಾಲಲ್ಲ, ತಲೇನೇ ಹೋಗ್ತಿತ್ತು. ಅಪ್ಪಂಗೆ ಹೇಳಿ ಹೇಳಿ ನನ್ನ ನಾಲಿಗೆ ಸವೀತು" ಅಂದ.

ಲಗಾಮು ಹಿಡಿಯುವವನು ಸತ್ತವನ ಹತ್ತಿರದವನಾಗಿರಬೇಕು ತಾನೆ? ಸಂಘದವರು ಯಾರನ್ನೂ ಕರೆಯುವ ಮೊದಲೇ ಇವನು ಬಂದು ಜೀನನ್ನು ಹೊತ್ತುಕೊಂಡು ಹೋದನಂತೆ. ಯಾರೂ ಎದುರಾಡಲಿಲ್ಲವಂತೆ. ನಾನು ಕುದುರೆಗಳ ಕೊಟ್ಟಿಗೆಗೆ ಹೋದಾಗ ಅವನು ಜೀನಿನ ಪಟ್ಟಿ ಬಿಚ್ಚುತ್ತಿದ್ದ. ಕಣ್ಣು ಕೆಂಪಾಗಿತ್ತು. ಓರ್ವಲ್ ಬದುಕಿದ್ದಾನೆ ಎಂದೆ. "ಮತ್ತೆ ಜೀನು ಯಾಕೆ ಕಳಿಸ್ದ, ಆ ಕತ್ತೆ?" ಎಂದು ರೇಗಿದ. ಮಗುಚಿಟ್ಟ ಬಕೆಟಿನ ಮೇಲೆ ಕೂತ. "ರಾತ್ರಿಯೆಲ್ಲ ಇದಕ್ಕೆ ಎಣ್ಣೆ ಹಚ್ಚಿದೆ ಕಣೇ ಲೆನೋರಾ. ಹಚ್ತಾ ಅವನಿಗೆ ಹೇಳಬೇಕಾದ್ದೆಲ್ಲ ಈ ಚರ್ಮಕ್ಕೆ ಹೇಳಿಬಿಟ್ಟೆ" ಅಂದ. ಏನು ಹೇಳಿದೆ ಎಂದು ಕೇಳಿದೆ. "ಅದು ನಿಂಗಲ್ಲ" ಅಂದ. ಅಷ್ಟೇ.

ಅಣ್ಣಾ, ನೀನು ಆ ಜೀನನ್ನು ಯಾಕೆ ಕಳಿಸಿದೆಯೆಂದು ನನಗೆ ಗೊತ್ತು, ಅದಕ್ಕೇ ನನಗೆ ಭಯ. ಈ ಊರಿಗೆ ನಾನು ಬೇಡ, ಇನ್ನು ಹತ್ತುವುದಕ್ಕೆ ಕುದುರೆಯೂ ಇಲ್ಲ, ಮುಗಿಯಿತು ಎಂದು ಒಳಗೊಳಗೇ ಲೆಕ್ಕ ಮುಗಿಸಿಕೊಂಡಿದ್ದೀಯ. ಈ ಊರಿಗೆ ನೀನು ಬೇಡವಾಗಿದ್ದರೆ ನಿನ್ನೆ ಅಷ್ಟು ಟೋಪಿಗಳು ಯಾಕೆ ಕೆಳಗಿಳಿದವು? ಕೂಸುಗಳೂ ಅಳಲಿಲ್ಲ. ಸಾಯದೆ ಆ ಮೌನ ಕೇಳಿಸಿಕೊಳ್ಳುವ ಭಾಗ್ಯ ಯಾರಿಗಿದೆ? ನಿನಗಿತ್ತು, ಟಕೋಮಾದಲ್ಲಿ ನಾಯಿಗೆ ಬೈಯುತ್ತ ಕಳೆದುಕೊಂಡೆ.

ಕೋಪ ಇಳಿದ ಮೇಲೆ ಎರಡು ಸಾಲು ಬರೆ. ಜಾಯ್ಸ್‌ಗೆ ನನ್ನ ಮುತ್ತುಗಳು, ಬೆಕ್ಕಿಗೂ ಒಂದು. ದೇವರು ನಿನ್ನ ಸೊಂಟವನ್ನೂ ಹಟವನ್ನೂ ಸ್ವಲ್ಪ ಸಡಿಲಿಸಲಿ.

ನಿನ್ನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕಳೆದುಕೊಂಡು ಪಡೆದ ತಂಗಿ,
ಲೆನೋರಾ

ಮರೆತ ಮಾತು: ಅಂಚೆಗೆ ಹಾಕಲು ಹೊರಟಿದ್ದೆ, ಅಷ್ಟರಲ್ಲಿ ಕ್ಲೀಟಸ್ ಬಂದು, ತಾನೇ ಟಕೋಮಾಕ್ಕೆ ಒಯ್ಯುತ್ತೇನೆಂದು ಲಕೋಟೆ ಕಿತ್ತುಕೊಂಡ. ಅವನ ಟ್ರಕ್ಕಿನ ಮುಂದಿನ ಸೀಟಿನಲ್ಲಿ ನಿನ್ನ ಜೀನು ಕೂತಿದೆ, ಎಂಜಿನ್ ಓಡುತ್ತಿದೆ, ಅವನು ಗೊಣಗುತ್ತಿದ್ದಾನೆ, ಇದೊಂದನ್ನು ಸೇರಿಸಲು ಪತ್ರವನ್ನು ವಾಪಸ್ ಇಸಿದುಕೊಂಡು ನಾನು ಟ್ರಕ್ಕಿನ ಬಾಗಿಲಿಗೆ ಒತ್ತಿ ಹಿಡಿದು ಬರೆಯುತ್ತಿದ್ದೇನೆ. ಪತ್ರವನ್ನು ಜಾಯ್ಸ್ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೂ ರಸ್ತೆಯಲ್ಲೇ ನಿಲ್ಲುತ್ತಾನಂತೆ, ಕರೆಯದೆ ಒಳಗೆ ಬರುವುದಿಲ್ಲವಂತೆ. ಅಣ್ಣಾ, ಓದಿದ್ದು ಸಾಕು. ಎದ್ದು ಕಿಟಕಿಯ ಪರದೆ ಸರಿಸು.